ಒಂಚೂರು ಕಡಿಮೆ ಹಾಕಿ

ಬೆಂಗಳೂರಿಗೂ ಕಡಲಿಗೂ ಎಷ್ಟು ದೂರ ಎಂದು ಕೇಳಿದರೆ ಬೇರೆಯವರು ಸುಮಾರು 350 ಕಿಲೋಮೀಟರ್ ಎಂದು ಹೇಳಿ ಸುಮ್ಮನಾಗುತ್ತಾರೆ. ನನ್ನ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಊರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ನಮ್ಮ ವಂಶದಲ್ಲಿ ಮೀನಿನ ರುಚಿ ಕಂಡವರು ಯಾರೂ ಇಲ್ಲ. ನನಗೆ ಈಜು ಬರುವುದಿಲ್ಲ. ಸೂಜಿಗೆ ದಾರ ಪೋಣಿಸಬೇಕಾದರೆ ಮೊಮ್ಮಗಳನ್ನು ಕೂಗುತ್ತೇನೆ. ಇಷ್ಟೆಲ್ಲ ಅರ್ಹತೆಗಳಿರುವ ನಾನು ಬಸವನಗುಡಿಯ ಊಟದ ಮೇಜಿನ ಮುಂದೆ ಕೂತು, ಉಪ್ಪುನೀರಿನ ದೊಡ್ಡ ಮೀನುಗಳನ್ನು ಮರುಳು ಮಾಡುವ ಸುಳ್ಳು ಮರಿಮೀನು ಕಟ್ಟುತ್ತೇನೆ. ನಗಬೇಡಿ. ನಿಮ್ಮ ಮನೆಯ ಅಟ್ಟದ ಮೇಲೂ ಸರಳೆ ವರಸೆಗೇ ನಿಂತುಹೋದ ವೀಣೆಯೋ, ಒಂದೇ ಒಂದು ಬ್ರೆಡ್ಡು ಸುಟ್ಟ ಓವನ್ನೋ, ಹಾಸನದ ತನಕವೂ ಹೋಗದ ಟ್ರೆಕ್ಕಿಂಗ್ ಬೂಟೋ ದೂಳು ತಿನ್ನುತ್ತಾ ಇದ್ದೇ ಇರುತ್ತದೆ. ನಾವೆಲ್ಲ ಒಂದೇ ವಾರ್ಡಿನ ರೋಗಿಗಳು. ನನ್ನ ಮಂಚದಲ್ಲಿ ಮುಳ್ಳು ಸ್ವಲ್ಪ ಜಾಸ್ತಿ, ಅಷ್ಟೆ.

ಈ ರೋಗ ಹತ್ತಿಸಿದವರು ನನ್ನ ಷಡ್ಡಕರು. ಅವರಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ಹತ್ತಿರ. ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷ ಊರಿಗೆ ಬಂದವರು ಎಲ್ಲರಿಗೂ ಚಾಕೊಲೇಟು ತಂದರು, ನನಗೆ ಮಾತ್ರ ಒಂದು ಡಬ್ಬಿ ತಂದರು. ತೆಗೆದು ನೋಡಿದರೆ ಮೇಜಿನ ಅಂಚಿಗೆ ಕಚ್ಚಿಸುವ ಪುಟ್ಟ ವೈಸು, ದಾರದ ಉರುಳೆ ಹಿಡಿಯುವ ಬಾಬಿನ್, ತುಕ್ಕು ಹಿಡಿಯದ ದಪ್ಪ ಗಾಳಗಳು, ಡಂಬೆಲ್ ಆಕಾರದ ಸೀಸದ ಕಣ್ಣುಗಳು, ಮತ್ತು ಸಾಕ್ಷಾತ್ ಒಂದು ಜಿಂಕೆಯ ಬಾಲ. ಅವರ ಸೀಮೆಯವರೇ ಆದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಇದೇ ಸಾಮಾನಿನಿಂದ ನದಿಯ ಬಾಸ್ ಮೀನಿಗೆಂದು ಒಂದು ಫ್ಲೈ, ಅಂದರೆ ಇಂಥದೇ ಸುಳ್ಳು ಮರಿಮೀನು, ಕಟ್ಟಿದರಂತೆ. ಗಾಳದ ಲೋಕದ ದೊಡ್ಡ ಮೇಷ್ಟ್ರು ಲೆಫ್ಟಿ ಕ್ರೇ ಅದನ್ನು ಮೆಚ್ಚಿ, ‘ಕ್ಲೌಸರ್ ಡೀಪ್ ಮಿನೋ’ ಎಂದು ನಾಮಕರಣ ಮಾಡಿ ಊರೂರಿಗೆ ಹಬ್ಬಿಸಿದರಂತೆ. ಈಗ ಉಪ್ಪುನೀರಿನಲ್ಲಿ ಗಾಳ ಬೀಸುವವರ ಡಬ್ಬಿಯಲ್ಲಿ ಇದೊಂದು ಇಲ್ಲದೇ ಇರುವುದಿಲ್ಲ.

ಇದರ ಮರ್ಮ ಇಷ್ಟೆ. ಗಾಳದ ಕಡ್ಡಿಯ ಮೇಲ್ಭಾಗಕ್ಕೆ, ತುದಿಯಿಂದ ಸ್ವಲ್ಪ ಹಿಂದೆ, ಸೀಸದ ಕಣ್ಣು ಬಿಗಿಯಬೇಕು. ಭಾರ ಮೇಲಿರುವುದರಿಂದ ನೀರಿಗೆ ಬಿದ್ದ ತಕ್ಷಣ ಗಾಳ ಮಗುಚಿಕೊಳ್ಳುತ್ತದೆ. ಮುಳ್ಳು ಆಕಾಶ ನೋಡುತ್ತದೆ, ಆದ್ದರಿಂದ ತಳದ ಕಲ್ಲು ಕಸಕ್ಕೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ದಾರ ಎಳೆದರೆ ಮುಂದಕ್ಕೆ ನುಗ್ಗುತ್ತದೆ, ಬಿಟ್ಟರೆ ಮೂತಿ ಕೆಳಗೆ ಮಾಡಿ ಮುಳುಗುತ್ತದೆ. ನೋಡಿದ ದೊಡ್ಡ ಮೀನಿಗೆ ಯಾವುದೋ ಮರಿಮೀನು ಪೆಟ್ಟು ತಿಂದು ತತ್ತರಿಸುತ್ತಿದೆ ಅನ್ನಿಸಬೇಕು. ಹೊಟ್ಟೆಗೆ ಬಿಳಿ ಕೂದಲು, ಬೆನ್ನಿಗೆ ಹಸಿರು, ನಡುವೆ ನಾಲ್ಕೆಳೆ ಮಿಂಚು. ಇಷ್ಟನ್ನೂ ಹೇಳಿಕೊಟ್ಟು ಷಡ್ಡಕರು ವಿಮಾನ ಹತ್ತುವ ಮೊದಲು ಒಂದೇ ಒಂದು ಮಂತ್ರ ಉಪದೇಶಿಸಿದರು: “ಒಂಚೂರು ಕಡಿಮೆ ಹಾಕಿ ಭಾವ. ಸಾಕು ಅನ್ನಿಸೋವಷ್ಟು ಕೂದಲು ತಗೊಳ್ಳಿ, ಅದರಲ್ಲಿ ಅರ್ಧ ತೆಗೆದಿಡಿ. ಉಳಿದದ್ದರಲ್ಲಿ ಮತ್ತರ್ಧ ತೆಗೆದಿಡಿ.”

ಸ್ವಾಮಿ, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಲ್ಲಿ ತುಪ್ಪ ಬಡಿಸುವ ಮನೆತನ ನಮ್ಮದು. ಸಾಕು ಅಂದರೆ ಇನ್ನೊಂದು ಸೌಟು ಎಂದೇ ನಮ್ಮಲ್ಲಿ ಅರ್ಥ. ಈ ಕೈಗೆ ಕಡಿಮೆ ಹಾಕುವುದನ್ನು ಯಾರು ಕಲಿಸಬೇಕು?

ಮನೆಯಲ್ಲಿ ಮೊದಲು ಅನುಮತಿ ಬೇಕಿತ್ತು. ಇತಿಹಾಸದ ಬಲದಿಂದ ಗೆಲ್ಲೋಣ ಎಂದುಕೊಂಡೆ. “ನೋಡೇ, ಗಾಳದ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹೆನ್ರಿ ಸಲ್ಲಿವನ್ ಥಾಮಸ್ ಅನ್ನೋ ಅಧಿಕಾರಿ ‘ದಿ ರಾಡ್ ಇನ್ ಇಂಡಿಯಾ’ ಅಂತ ಪುಸ್ತಕ ಬರೆದು 1873ರಲ್ಲೇ ನಮ್ಮ ಮಂಗಳೂರಲ್ಲಿ ಅಚ್ಚು ಹಾಕಿಸಿದ್ದಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ನಮ್ಮ ಸೀಮೆಯ ಹೊಳೇಲೇ 120 ಪೌಂಡಿನ ಮಹಶೀರ್ ಎತ್ತಿದ್ದಾರೆ” ಎಂದೆ. ನನ್ನಾಕೆ ಹುರುಳಿಕಾಯಿ ಮುರಿಯುತ್ತಾ ಕೇಳಿದಳು: “ರೀ, 120 ಪೌಂಡಿನ ಮೀನು ಹಿಡಿದವರೇ ಅದನ್ನ ಮನೆಗೆ ತಂದಾಗ ಎಲ್ಲಿಟ್ಟರೋ ಕೇಳಿದೀರಾ? ನಮ್ಮ ಫ್ರಿಜ್ಜಲ್ಲಿ ದೋಸೆ ಹಿಟ್ಟಿಗೇ ಜಾಗ ಇಲ್ಲ.” ಇದನ್ನು ನಾನು ಒಪ್ಪಿಗೆ ಎಂದು ಅರ್ಥ ಮಾಡಿಕೊಂಡೆ.

ವೈಸನ್ನು ಊಟದ ಮೇಜಿಗೆ ಕಚ್ಚಿಸಿ, ಗಾಳ ಸಿಗಿಸಿ, ಜಿಂಕೆ ಬಾಲದಿಂದ ಒಂದು ಹಿಡಿ ಬಿಳಿ ಕೂದಲು ಕತ್ತರಿಸಿದೆ. ಆಗ ಯಾರೋ ಸೆಕೆ ಎಂದು ಫ್ಯಾನ್ ಹಾಕಿದರು. ಯಾರೋ ಅಂದರೆ ನಾನೇ. ಜಿಂಕೆ ಕೂದಲು ಹಗುರ, ಅದರಲ್ಲೂ ಬಾಲದ ಬುಡದ ನಯವಾದ ತುಪ್ಪಳಕ್ಕೆ ತೂಕವೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ನಡುಮನೆಯಲ್ಲಿ ಹಿಮಪಾತ. ಬಸವನಗುಡಿ ಹುಟ್ಟಿದ್ದೇ 1898ರ ಪ್ಲೇಗಿನ ಕಾಲದಲ್ಲಿ, ಗಾಳಿ ಬೆಳಕು ಧಾರಾಳವಾಗಿ ಆಡಲಿ ಎಂದು. ಧಾರಾಳವಾಗಿ ಆಡಿತು. ಸಾರಿನ ಪಾತ್ರೆಗೆ, ಹಪ್ಪಳದ ಡಬ್ಬಕ್ಕೆ, ಅಲ್ಲಿಂದ ನೇರವಾಗಿ ಸೋದರತ್ತೆಯವರ ಮಡಿ ನೀರಿನ ಚೊಂಬಿಗೆ.

ಮನೆ ಉಸಿರು ಬಿಗಿಹಿಡಿಯಿತು. ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ. ಮಡಿಯಲ್ಲಿದ್ದಾಗ ಫೋನು ಹೊಡೆದುಕೊಂಡರೂ ದೂರದಿಂದಲೇ ಗದರಿಸುತ್ತಾರೆ. ಚೊಂಬಿನೊಳಗೆ ಬೆರಳಿಟ್ಟು ಒಂದೆಳೆ ಎತ್ತಿ ಬೆಳಕಿಗೆ ಹಿಡಿದು “ಇದೇನೋ?” ಎಂದರು. “ಜಿಂಕೆ ಬಾಲ, ಅತ್ತೆ” ಎಂದು ಕಣ್ಣು ಮುಚ್ಚಿಕೊಂಡೆ. “ಜಿಂಕೆದಾ? ನಿನ್ನ ಉಪನಯನದಲ್ಲಿ ಜನಿವಾರಕ್ಕೆ ಕೃಷ್ಣಾಜಿನ ಕಟ್ಟಿರಲಿಲ್ವೇನೋ? ಅದಕ್ಕೇನೂ ಮೈಲಿಗೆ ಇಲ್ಲ. ನಿನ್ನ ಕೈ ತೊಳಕೊಂಡು ಬಾ, ಅದಕ್ಕೆ ಮೈಲಿಗೆ” ಎಂದರು. ಪೆನ್ಸಿಲ್ವೇನಿಯಾದ ಜಿಂಕೆ ಹೀಗೆ ಗೋತ್ರಪ್ರವರದ ವಿಚಾರಣೆಯಿಲ್ಲದೆ ಪಾಸಾಯಿತು. ನಾನು ಮಾತ್ರ ಫೇಲು.

ಮೊದಲ ಫ್ಲೈಗೆ ಅರ್ಧ ಬಾಲ ಖರ್ಚಾಯಿತು. ಮುಗಿದ ಮೇಲೆ ಅದು ಮರಿಮೀನಿನ ಪಾತ್ರಕ್ಕೆ ಒಗ್ಗಲಿಲ್ಲ. ಮೂಲೆಯಲ್ಲಿಟ್ಟರೆ ಮೊಮ್ಮಗಳು ಅದಕ್ಕೆ ಬಿಸ್ಕತ್ತು ತಿನ್ನಿಸಲು ಹೋದಳು. ಮುಟ್ಟಿದರೆ ಕೂದಲು ಕಂತೆಕಂತೆಯಾಗಿ ಕೈಗೆ ಬರುತ್ತಿತ್ತು. ಕಾರಣ ಸರಳ: ಕಟ್ಟು ದಪ್ಪವಾದಷ್ಟೂ ಹೊರಗಿನ ಕೂದಲು ಮಾತ್ರ ದಾರದ ಹಿಡಿತಕ್ಕೆ ಸಿಗುತ್ತದೆ, ನಡುವಿನವಕ್ಕೆ ದಾರದ ಸೋಂಕೇ ಇರುವುದಿಲ್ಲ. ಅದರ ಜೊತೆಗೆ ಅದೇ ಫ್ಲೈಯ ಮುಳ್ಳು ನನ್ನ ಹೆಬ್ಬೆರಳಿಗೆ ಗೃಹಪ್ರವೇಶ ಮಾಡಿತು. ಟಿ.ಟಿ. ಇಂಜೆಕ್ಷನ್ ಆಯಿತು. ಮನೆಯಲ್ಲಿ ಮಗು ಓಡಾಡುತ್ತದೆ, ಅಭ್ಯಾಸದ ಗಾಳಕ್ಕೆ ಮುಳ್ಳಿರಕೂಡದು ಎಂದು ಗೃಹಮಂತ್ರಿಗಳ ಆದೇಶ ಹೊರಟಿತು. ಕಟಿಂಗ್ ಪ್ಲೇಯರ್ ತಂದು ಅಭ್ಯಾಸದ ಗಾಳಗಳ ಮುಳ್ಳನ್ನೆಲ್ಲ ಕಟಕಟ ಕತ್ತರಿಸಿ ಒಂದು ಡಬ್ಬಿಗೆ ಹಾಕಿದೆ. ಮುಳ್ಳಿರುವ ಅಸಲಿ ಗಾಳಗಳನ್ನು ಇನ್ನೊಂದಕ್ಕೆ. ಎರಡೂ ಒಂದೇ ಬಣ್ಣದ ಡಬ್ಬಿ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ದಾರ ಬಿಗಿಯುವುದು ನನಗೆ ಒಲಿಯಲೇ ಇಲ್ಲ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಒಬ್ಬಾಕೆಯ ಬುಟ್ಟಿಯ ಮುಂದೆ ಹೋಗಿ ನಿಂತೆ. ನೋಡಿ, ಆ ಕೈಯನ್ನು ಹತ್ತಿರದಿಂದ ನೋಡಬೇಕು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟಿಗೆ ತೊಟ್ಟು ಕೂಡುತ್ತದೆ. ದಾರ ಒಂದು ಸುತ್ತು ಬರುತ್ತದೆ, ಬೆರಳ ತುದಿಯಲ್ಲಿ ಒಂದು ಕುಣಿಕೆ ತಿರುಗಿ ತೊಟ್ಟಿನ ಮೇಲೆ ಬೀಳುತ್ತದೆ, ಸಣ್ಣಗೆ ಒಂದು ಎಳೆತ. ಗಂಟು ಬಿದ್ದದ್ದು ಕಾಣುವುದಕ್ಕೆ ಮೊದಲೇ ಮುಂದಿನ ನಾಲ್ಕು ಮೊಗ್ಗು ಬಂದಾಗಿರುತ್ತದೆ. ಆಕೆಯ ಕಣ್ಣು ಗಿರಾಕಿಯ ಮೇಲೆ, ಮಾತು ಪಕ್ಕದ ಬಾಳೆಎಲೆಯವರ ಜೊತೆ, ಲೆಕ್ಕ ಚಿಲ್ಲರೆಯ ಮೇಲೆ. ಗಂಟಿನ ಕಡೆ ಯಾರೂ ನೋಡುತ್ತಿಲ್ಲ, ಗಂಟು ಮಾತ್ರ ಬೀಳುತ್ತಲೇ ಇದೆ. ಜೇಬಿನಿಂದ ನನ್ನ ಫ್ಲೈ ತೆಗೆದು ತೋರಿಸಿದೆ. ಒಮ್ಮೆ ತಿರುಗಿಸಿ ನೋಡಿ “ಇಷ್ಟೊಂದು ತುರುಕಿದ್ರೆ ದಾರಕ್ಕೆ ಯಾವ್ದು ಅಂತ ಹಿಡಿಯೋಕಾಗ್ತದೆ ಸಾಮಿ? ಕಮ್ಮಿ ತಗೊಳಿ” ಎಂದರು. ಸಸ್ಕ್ವೆಹಾನಾ ನದಿಯ ತೀರದ ಉಪದೇಶವೂ ಇದೇ, ಗಾಂಧಿ ಬಜಾರಿನದೂ ಇದೇ. ಪಾಠದ ಖುಷಿಗೆ ಬಿಡಿ ಮೊಗ್ಗು ಕೊಂಡು ಮನೆಯಲ್ಲಿ ನಾನೇ ಮಾಲೆ ಕಟ್ಟಿದೆ. ನನ್ನಾಕೆ ಮುಡಿದುಕೊಂಡು ದೊಡ್ಡ ಗಣಪತಿ ಗುಡಿಗೆ ಹೊರಟಳು. ಗುಡಿ ತಲುಪುವ ಹೊತ್ತಿಗೆ ಮೊಗ್ಗೆಲ್ಲ ಬುಲ್ ಟೆಂಪಲ್ ರಸ್ತೆಗೆ ಅರ್ಪಿತವಾಗಿ, ಜಡೆಯಲ್ಲಿ ದಾರ ಒಂದೇ ಉಳಿದಿತ್ತು.

ಬಿಳಿ ಕೂದಲು ಮುಗಿಯಿತು. ಕಡಲ ಫ್ಲೈಗೆ ಯಾಕ್ ಕೂದಲೂ ಆಗುತ್ತದೆ ಎಂದು ಎಲ್ಲೋ ಓದಿದ್ದೆ. ಬೆಂಗಳೂರಿನಲ್ಲಿ ಯಾಕ್ ಎಲ್ಲಿಂದ ತರಲಿ ಎಂದು ಯೋಚಿಸುತ್ತಾ ದೇವರಮನೆ ಕಡೆ ತಿರುಗಿದರೆ, ಬೆಳ್ಳಿ ಹಿಡಿಯ ಚಾಮರ ನನ್ನನ್ನೇ ನೋಡುತ್ತಿತ್ತು. ಒಂದೇ ಒಂದು ಎಳೆ ಎಂದುಕೊಂಡೆ. ಮಾರನೇ ದಿನ ಇನ್ನೊಂದೆಳೆ. ದೇವರಿಗೆ ಗೊತ್ತಾಗುವುದಿಲ್ಲವೇ ಎಂಬ ಪ್ರಶ್ನೆ ನನಗೂ ಬಂತು, ಆದರೆ ಮೊದಲ ಅವತಾರವೇ ಮೀನಾಗಿದ್ದ ದೇವರು ಇಷ್ಟು ಮಾತ್ರಕ್ಕೆ ಬೇಜಾರು ಮಾಡಿಕೊಳ್ಳಲಾರ ಎಂದು ಸಮಾಧಾನ ಹೇಳಿಕೊಂಡೆ. ಸತ್ಯನಾರಾಯಣ ಪೂಜೆಯ ದಿನ ಪುರೋಹಿತರು ಚಾಮರ ಎತ್ತಿದರು. ಹಿಡಿ ಎದ್ದಿತು, ಕೂದಲು ಏಳಲಿಲ್ಲ; ಇದ್ದರಲ್ಲವೆ ಏಳುವುದಕ್ಕೆ! ಪುಣ್ಯಾತ್ಮರು ಒಂದು ಕ್ಷಣ ಹಿಡಿಯನ್ನೂ, ಒಂದು ಕ್ಷಣ ನನ್ನನ್ನೂ ನೋಡಿ, ಚಾಮರಕ್ಕೆ ಬದಲಾಗಿ ಅಕ್ಷತೆ ಹಾಕಿ ಮುಂದಕ್ಕೆ ಹೋದರು. ಶಾಸ್ತ್ರದಲ್ಲಿ ಅದಕ್ಕೂ ಅವಕಾಶ ಇದೆಯಂತೆ. ನನ್ನಂಥವರು ಹಿಂದೆಯೂ ಇದ್ದರೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಅಷ್ಟರಲ್ಲಿ ಸೀಸದ ಕಣ್ಣೂ ಖಾಲಿ. ಮಿಂಚಿನ ಎಳೆಗೆ ಯೋಚನೆಯಿರಲಿಲ್ಲ: ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಅಲಂಕಾರಕ್ಕೆ ಮಾರುವ ಮಿಂಚುದಾರವನ್ನು ಬೇಕಾದ್ದಕ್ಕಿಂತ ನಾಲ್ಕು ಪಟ್ಟು ತಂದೆ. ಕಣ್ಣಿಗೆ ಏನು ಮಾಡುವುದು? ಭಾರ ಇರಬೇಕು, ದುಂಡಗಿರಬೇಕು, ಜೋಡಿ ಇರಬೇಕು. ಬಳೆಪೇಟೆಯ ಸಂಗೀತ ವಾದ್ಯಗಳ ಸಾಲಿನಲ್ಲಿ ಹೋಗುತ್ತಿದ್ದಾಗ ಉತ್ತರ ಹೊಳೆಯಿತು: ಗೆಜ್ಜೆ! ಅಂಗಡಿಯವರು ವಿನಯದಿಂದ “ಮಗುಗಾ ಸಾರ್? ಯಾವ ಸೈಜು ಕಾಲು?” ಎಂದು ಕೇಳಿದರು. “ಕಾಲಿಲ್ಲ, ಮೀನಿಗೆ” ಎಂದೆ. ಅವರು ಒಂದು ಮಾತೂ ಆಡದೆ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಕೆಳಗಿಟ್ಟು ನನಗೆ ಕುರ್ಚಿ ಹಾಕಿ ನೀರು ಕೊಟ್ಟರು. ಬಿಸಿಲು ಜೋರಾಗಿತ್ತು, ಅವರ ಮೇಲೆ ತಪ್ಪಿಲ್ಲ.

ಗೆಜ್ಜೆಯ ಫ್ಲೈ ಎದ್ದು ನಿಂತಿತು. ಹೆಜ್ಜೆಗೊಂದು ಘಲ್. ಮುಳುಗುವ ಪರಿ ಪರೀಕ್ಷೆಯಾಗಬೇಕಲ್ಲ. ಬಕೆಟ್ಟಿನಲ್ಲಿ ಆಳ ಸಾಲದು. ನಮ್ಮದು ಹಳೇ ಮನೆ, ಬಚ್ಚಲಲ್ಲಿ ಇನ್ನೂ ತಾಮ್ರದ ಹಂಡೆ ಇದೆ. ಅವತ್ತು ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಿಸೇಹಣ್ಣಿನಲ್ಲಿ ಬೆಳಗಿ, ಕುತ್ತಿಗೆಗೆ ಹಾಗಲಬಳ್ಳಿ ಸುತ್ತಿ, ಕಂಠಮಟ್ಟ ನೀರು ತುಂಬಿಸಿಟ್ಟಿದ್ದರು. ಇಂಥ ಸರೋವರ ವರ್ಷಕ್ಕೊಮ್ಮೆ ಸಿಗುವುದು! ರಾತ್ರಿ ಎಲ್ಲರೂ ಮಲಗಿದ ಮೇಲೆ ಕಳ್ಳಹೆಜ್ಜೆಯಲ್ಲಿ ಹೋಗಿ ಫ್ಲೈ ಬಿಟ್ಟೆ. ಮಗುಚಲಿಲ್ಲ. ಕಣ್ಣನ್ನು ಕಡ್ಡಿಯ ಮೇಲಕ್ಕೆ ಕಟ್ಟುವ ಬದಲು ಕೆಳಕ್ಕೆ ಕಟ್ಟಿದ್ದೆ. ಬಿಳಿ ಹೊಟ್ಟೆ ಆಕಾಶಕ್ಕೆ, ಹಸಿರು ಬೆನ್ನು ಪಾತಾಳಕ್ಕೆ ಮಾಡಿ ನನ್ನ ಮೀನು ಶವಾಸನದಲ್ಲಿ ತಳ ಸೇರಿತು. ಎತ್ತಲು ಹೋದರೆ ದಾರ ಕಳಚಿ ಕೈಗೆ ಬಂತು. ಕಂಠಮಟ್ಟದ ಹಂಡೆಯೊಳಗೆ ಭುಜದ ತನಕ ಕೈ ಇಳಿಬಿಟ್ಟರೂ ಘಲ್ ಎನ್ನುತ್ತದೆಯೇ ಹೊರತು ಸಿಗುತ್ತಿಲ್ಲ. ಬೆಳಗ್ಗೆ ನೋಡೋಣವೆಂದು ಮಲಗಿದೆ.

ನರಕ ಚತುರ್ದಶಿಯ ಬೆಳಗು ನಮ್ಮ ಮನೆಯಲ್ಲಿ ನನಗಾಗಿ ಕಾಯುವುದಿಲ್ಲ. ನಾಲ್ಕಕ್ಕೇ ಒಲೆ ಹೊತ್ತಿತ್ತು. ಕೂದಲಿಗೆ ಹಚ್ಚಿದ್ದ ಹಸಿರು ಬಣ್ಣ ತಣ್ಣೀರಿಗೆ ಜಗ್ಗದ್ದು ಬಿಸಿನೀರಿಗೆ ಸಂಪೂರ್ಣ ಶರಣಾಗಿತ್ತು. ಒಳಗೆ ಮಂಕು ಬಲ್ಬು. ಯಾರಿಗೂ ಏನೂ ಕಂಡಿಲ್ಲ. ಎಣ್ಣೆಸ್ನಾನ ಮುಗಿಸಿ ಸಾಲಾಗಿ ಆರತಿಗೆ ಕೂತಾಗ ದೀಪದ ಬೆಳಕಿನಲ್ಲಿ ನೋಡುತ್ತೇನೆ: ಅತ್ತೆಯ ಬೆಳ್ಳಿಕೂದಲು ಎಳೆ ಮಾವಿನೆಲೆಯ ಬಣ್ಣ, ಮಗನ ಬೋಳುತಲೆ ಅದಕ್ಕಿಂತ ಗಾಢ, ಮೊಮ್ಮಗಳ ಹುಬ್ಬಿನ ಮೇಲೆ ಮಿಂಚಿನ ಎಳೆಗಳು. ಬಾಯಿ ಬಿಡಲಿಲ್ಲ. ಆದರೆ ನನ್ನ ಸರದಿ ಬಂದು ನಾನೇ ಚೊಂಬು ಮುಳುಗಿಸಿದಾಗ ಹಂಡೆ ಇಡೀ ಮನೆಗೆ ಕೇಳಿಸುವ ಹಾಗೆ ಘಲ್ ಎಂದಿತು.

ಇಷ್ಟಾದ ಮೇಲೂ ಅಂಟಿನ ಅಧ್ಯಾಯ ಬಾಕಿ ಇತ್ತು. ಫ್ಲೈಯ ತಲೆಯ ದಾರ ಬಿಚ್ಚದಂತೆ ಕೊನೆಗೊಂದು ಹನಿ ಅಂಟು ಬಿಡಬೇಕು. ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಷೂ ಸಾಕಾಗುತ್ತದೆ. ಸೊಸೆಯ ಸೀಸೆಯನ್ನು ನಾನು ಆಗಲೇ ಮುಗಿಸಿದ್ದೆ. ಹಾಗಾಗಿ ಚಪ್ಪಲಿಗೆ ಹಾಕುವ ಕ್ಷಣದಲ್ಲಿ ಕಚ್ಚುವ ಅಂಟು ತಂದು ಒಂದು ಹನಿ ಎಂದುಕೊಂಡು ಒಂದು ಟ್ಯೂಬು ಬಿಟ್ಟೆ. ಫ್ಲೈ ಭದ್ರವಾಗಿ ಕೂತಿತು, ನನ್ನ ಬಲಗೈ ಹೆಬ್ಬೆರಳಿನ ಮೇಲೆ. ಅದೇ ಹೊತ್ತಿಗೆ ಬಾಗಿಲಲ್ಲಿ ಆಟೋ. ಚಾಮರಾಜಪೇಟೆಯ ಛತ್ರದಲ್ಲಿ ಮದುವೆ, ಮುಹೂರ್ತಕ್ಕೆ ಮುಕ್ಕಾಲು ಗಂಟೆ. ಕೈಯನ್ನು ಶಲ್ಯದೊಳಗೆ ಅಡಗಿಸಿಕೊಂಡು ಹೊರಟೆ. ಕೈ ಕುಲುಕಲು ಬಂದವರಿಗೆಲ್ಲ ಎಡಗೈಯಲ್ಲೇ ನಮಸ್ಕಾರದ ಅರ್ಧಭಾಗ ಮಾಡಿದೆ. ಪನ್ನೀರು ಚಿಮುಕಿಸುವ ಹುಡುಗಿ “ಅಂಕಲ್, ನಿಮ್ಮ ಶಲ್ಯದಲ್ಲಿ ಏನೋ ಬಾಲ” ಎಂದು ಕಿರುಚಿಕೊಂಡಳು. ಗಟ್ಟಿಮೇಳ ಶುರುವಾಯಿತು. ಎಲ್ಲರ ಜೊತೆ ನಾನೂ ಭಾವಪರವಶನಾಗಿ, ಬಲಗೈ ಎತ್ತಿ ಅಕ್ಷತೆ ಬೀಸಿದೆ. ಇಷ್ಟು ಹೊತ್ತು ಸೋಪಿಗೂ ಎಣ್ಣೆಗೂ ಬಗ್ಗದ ಅಂಟು ಆ ಶುಭಮುಹೂರ್ತದಲ್ಲೇ ಬಿಟ್ಟುಕೊಟ್ಟಿತು. ಫ್ಲೈ ಅಕ್ಷತೆಯ ಮೋಡವನ್ನು ಸೀಳಿಕೊಂಡು ಹೋಗಿ ಮದುಮಗನ ಪೇಟದ ಮೇಲೆ, ತುರಾಯಿ ಇರಬೇಕಾದ ಜಾಗದಲ್ಲೇ ಕೂತಿತು. ಮುಳ್ಳು ಕತ್ತರಿಸಿದ್ದರಿಂದ ಅನಾಹುತವಾಗಲಿಲ್ಲ. ವೀಡಿಯೋದವರು ಸಂತೋಷದಿಂದ ಹತ್ತಿರ ಹೋಗಿ ತೆಗೆದರು. ಆಲ್ಬಮ್ಮಿನ ಮುಖಪುಟದಲ್ಲಿ ಅದೇ ಇದೆ. ನನ್ನ ಜನ್ಮದಲ್ಲಿ ಕಟ್ಟಿದ ಫ್ಲೈಗಳಲ್ಲಿ ಗುರಿ ಮುಟ್ಟಿದ ಮೊದಲನೆಯದು ಅದು.

ಬೀಸುವ ಕೈ ಚೆನ್ನಾಗಿದೆ ಎಂಬ ಭ್ರಮೆ ಅಲ್ಲಿಂದಲೇ ಶುರು. ಷಡ್ಡಕರನ್ನು ಕಾಡಿ ಒಂಬತ್ತಡಿಯ ರಾಡು, ರೀಲು ತರಿಸಿಕೊಂಡೆ. ಮಾಮೂಲು ಗಾಳದಲ್ಲಿ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ದಪ್ಪ ದಾರದ ಭಾರವೇ ಹಗುರವಾದ ಫ್ಲೈಯನ್ನು ಹೊತ್ತೊಯ್ಯುತ್ತದೆ. ದಾರವನ್ನು ಬೆನ್ನಹಿಂದೆ ಪೂರ್ತಿ ನೆಟ್ಟಗಾಗಲು ಬಿಟ್ಟು ಆಮೇಲೆ ಮುಂದಕ್ಕೆ ಬೀಸಬೇಕು. ಆದರೆ ತಲೆಯ ಮೇಲೆ ಒಂದು ಗ್ರಾಮಿನ ಆಸುಪಾಸು ಸೀಸ ಹೊತ್ತ ಫ್ಲೈ ಹಗುರವೂ ಅಲ್ಲ, ವಿಧೇಯವೂ ಅಲ್ಲ. ಅವಸರ ಮಾಡಿದರೆ ಅದು ಹಿಂದಿನಿಂದ ಬಂದು ನೇರವಾಗಿ ಬುರುಡೆಗೆ ಬಡಿಯುತ್ತದೆ. ಬಲ್ಲವರು ಅದಕ್ಕಾಗಿಯೇ ಪಕ್ಕದಿಂದ ಅಗಲವಾಗಿ ಸುತ್ತುಹಾಕಿ ಬೀಸುತ್ತಾರೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ತಾರಸಿಯ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದೆ. ಎದುರುಮನೆಯ ಮೇಷ್ಟ್ರು ಪೇಪರ್ ಮಡಿಸಿ “ಏನ್ರೀ, ಗಾಡಿ ಸ್ಟಾರ್ಟ್ ಆಗ್ತಿಲ್ವಾ?” ಎಂದರು. 

ಹಾಗೆ ಬೀಸುತ್ತಿದ್ದಾಗಲೇ, ಬೆಳಗಿನ ಬಿಸಿಲಿಗೆ ಮಿಂಚುತ್ತಾ ಗಾಳಿಯಲ್ಲಿ ಹಾದ ನನ್ನ ಮೀನನ್ನು ಒಬ್ಬರು ನಿಜವಾಗಿಯೂ ನಂಬಿದರು. ಕೆಂಪು ಬೆನ್ನು, ಬಿಳಿ ಎದೆ. ಎಲ್ಲಿಂದಲೋ ಎರಗಿದ ಗರುಡ ಫ್ಲೈಯನ್ನು ಕಾಲಲ್ಲಿ ಹಿಡಿದು ಲಾಲ್‌ಬಾಗಿನ ದಿಕ್ಕಿಗೆ ಹೊರಟಿತು. ಅದುವರೆಗೆ ಮೌನವ್ರತದಲ್ಲಿದ್ದ ರೀಲು ಮೊದಲ ಬಾರಿಗೆ ಕಿರ್ರೆಂದು ಹಾಡಿತು. ಮೀನು ಎಳೆದರೆ ರಾಡನ್ನು ಮೇಲಕ್ಕೆತ್ತಬೇಕು ಎಂದು ಪುಸ್ತಕದಲ್ಲಿದೆ. ಮೀನೇ ಮೇಲಿದ್ದರೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಸಂಡಿಗೆ ಒಣಹಾಕುತ್ತಿದ್ದ ಅತ್ತೆ ಎರಡೂ ಕೈ ಜೋಡಿಸಿ “ಗರುಡದರ್ಶನ ಆಯ್ತು ಕಣೋ, ಕೆನ್ನೆಗೆ ಹೊಡಕೊ!” ಎಂದರು. ಎರಡೂ ಕೈ ಬಿಟ್ಟು ಕೆನ್ನೆಗೆ ಹೊಡೆದುಕೊಂಡೆ. ರಾಡು ಸಂಡಿಗೆಯ ಮೇಲೆ ಬಿತ್ತು. ಗರುಡ ಜಿಂಕೆ ಕೂದಲಿನ ರುಚಿ ಗೊತ್ತಾಗಿ ಫ್ಲೈಯನ್ನು ಅಲ್ಲೇ ಕೈಬಿಟ್ಟಿತು. ದಾರ ಬೀದಿ ದಾಟಿ ಮೇಷ್ಟ್ರ ತೆಂಗಿನಮರಕ್ಕೆ ಹಾರವಾಯಿತು. ಮರ ಹತ್ತುವವರನ್ನು ಕರೆಸಿ ಬಿಡಿಸಿ, ಬಂದವರು ಬಂದದ್ದಕ್ಕೆ ಕಾಯಿಯನ್ನೂ ಕೆಡವಿ, ಅವತ್ತು ಇಡೀ ಬೀದಿಗೆ ಎಳನೀರು ನನ್ನ ಲೆಕ್ಕದಲ್ಲಿ.

ಇನ್ನು ಭೂಮಿ ಆಕಾಶಗಳಲ್ಲಿ ಹಿಡಿಯುವುದು ಏನೂ ಉಳಿದಿಲ್ಲ, ನೀರಿಗೇ ಹೋಗೋಣ ಎಂದು ಮನೆಯವರೆಲ್ಲ ಸೇರಿ ನನ್ನನ್ನು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿಸಿದರು. ಇಷ್ಟು ಸಂತೋಷದಿಂದ ಅವರು ನನ್ನನ್ನು ಯಾವತ್ತೂ ಕಳಿಸಿಕೊಟ್ಟಿರಲಿಲ್ಲ. ಕುಂದಾಪುರದಲ್ಲಿಳಿದು ಗಂಗೊಳ್ಳಿ ಅಳಿವೆ ಸೇರಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲಿಗೆ ಬೀಳುವ ಜಾಗ. ಇಳಿತದ ಹೊತ್ತಿನಲ್ಲಿ ಮರಿಮೀನುಗಳು ನೀರಿನ ಜೊತೆ ಹೊರಕ್ಕೆ ಕೊಚ್ಚಿಕೊಂಡು ಬರುತ್ತವೆ, ದೊಡ್ಡವು ಬಾಗಿಲಲ್ಲಿ ಕಾದಿರುತ್ತವೆ. ದೋಣಿಯವರು ನನ್ನ ಡಬ್ಬಿ ತೆರೆದು ನೋಡಿ ಕೇಳಿದರು: “ಹ್ವಾಯ್, ಇದೆಂತ ಮರಾಯ್ರೆ? ಮೀನ್ ಹಿಡುಕಾ, ಕಾಕಿ ಬೆದರ್ಸುಕಾ?”

ಬೀಸಿದೆ. ತಕ್ಷಣ ಎಳೆತ! ಎಂಥ ಎಳೆತ! ರಾಡು ಬಿಲ್ಲಾಯಿತು. ನಾನು ಸುತ್ತಿದೆ, ಅದು ಬಗ್ಗಲಿಲ್ಲ. ದೋಣಿಯೇ ಮೀನಿನ ಕಡೆಗೆ ಸರಿಯತೊಡಗಿತು. ಬೆವರು ಸುರಿಸಿ ಕಾದಾಡಿ, ಕೊನೆಗೆ ಬಗ್ಗಿ ನೋಡಿದರೆ ದಾರ ನಮ್ಮದೇ ದೋಣಿಯ ಲಂಗರಿನ ಹಗ್ಗಕ್ಕೆ ಸುತ್ತಿಕೊಂಡಿತ್ತು. ನಾನು ಅಷ್ಟು ಹೊತ್ತೂ ಎತ್ತುತ್ತಿದ್ದದ್ದು ಲಂಗರನ್ನು. “ಒಳ್ಳೇದಾಯ್ತ್ ಬಿಡಿ, ಹ್ಯಾಂಗೂ ಎತ್ತೂದಿತ್ತ್” ಎಂದು ದೋಣಿಯವರು ಸಮಾಧಾನ ಹೇಳಿದರು.

ಜಾಗ ಬದಲಾಯಿಸಿದ ಮೇಲೆ ಅವರು ಬೀಸುಬಲೆ ಹರಡಿ ಎಳೆದು, ಒಂದು ಬೂತಾಯಿ ಮರಿಯನ್ನು ನನ್ನ ಅಂಗೈ ಮೇಲಿಟ್ಟರು. ನಾನು ಇಷ್ಟು ಕಾಲ ಯಾವುದರ ನಕಲು ಮಾಡುತ್ತಿದ್ದೆನೋ ಅದನ್ನು ನೋಡಿದ್ದು ಅವತ್ತೇ ಮೊದಲು. ಬೆರಳುದ್ದ. ಬೆನ್ನಿನ ಹಸಿರು ಇದೆಯೋ ಇಲ್ಲವೋ ಎನ್ನುವಷ್ಟು. ಪಕ್ಕದಲ್ಲಿ ಬೆಳ್ಳಿಯ ಹೊಳಪು, ಬಾಲದ ಹತ್ತಿರ ನನ್ನ ಹಸ್ತರೇಖೆ ಆಚೆಯಿಂದ ಕಾಣಿಸುತ್ತಿತ್ತು. ಮೈಗಿಂತ ಕಣ್ಣೇ ದೊಡ್ಡದು. “ಇದ್ರಂಗೆ ಎಂತ ಇತ್ ಕಾಣಿ? ಎರಡ್ ಕಣ್ಣ್, ಒಂದ್ ಬೆಳ್ಳಿ ಗೀಟ್. ಅಷ್ಟೇ” ಎಂದರು ದೋಣಿಯವರು, ಮೆಲ್ಲಗೆ ಅದನ್ನು ನೀರಿಗೆ ಬಿಡುತ್ತಾ.

ಆ ಹೊತ್ತಿಗೆ ನನ್ನ ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ಫ್ಲೈ. ಗರುಡ ಕಿತ್ತು, ತೆಂಗಿನಗರಿ ಸವರಿ, ಸಂಡಿಗೆಯಲ್ಲಿ ಹೊರಳಿ ಬಂದದ್ದು. ನಡುವಿನ ಸೋಂಕಿಲ್ಲದ ಕೂದಲೆಲ್ಲ ಉದುರಿಹೋಗಿ ಐದಾರು ಎಳೆ, ಎರಡೆಳೆ ಮಿಂಚು, ಎರಡು ಕಣ್ಣು ಮಾತ್ರ ಇದ್ದವು. ನಾಚಿಕೆಯಿಂದಲೇ ಬೀಸಿದೆ. ಬಿದ್ದಲ್ಲಿ ಮಗುಚಿತು. ಎಳೆದರೆ ನುಗ್ಗಿತು, ಬಿಟ್ಟರೆ ಮೂತಿ ಕೆಳಗೆ ಮಾಡಿ ತತ್ತರಿಸಿತು. ನೀರಿನಡಿ ಒಂದು ತಿರುವು, ಒಂದು ಹೊಳಪು, ಆಮೇಲೆ ಮೊಣಕೈ ತನಕ ಝಣ್ ಎನ್ನುವ ಎಳೆತ. ಈ ಸಲ ಲಂಗರು ದೋಣಿಯ ಒಳಗೇ ಇತ್ತು! ನಾನು ಕೂಗಿದೆ, ದೋಣಿಯವರು ಕೂಗಿದರು, ರೀಲೂ ಕೂಗಿತು. ಮರುಕ್ಷಣ ದಾರ ಸಡಿಲ. ಸುತ್ತಿ ತಂದರೆ ಫ್ಲೈ ಹಾಗೇ ಇದೆ. ದೋಣಿಯವರು ಅದನ್ನು ಕೈಯಲ್ಲಿ ಹಿಡಿದು, ಬೆರಳ ತುದಿಯಿಂದ ಸವರಿ, ನನ್ನ ಮುಖವನ್ನೇ ನೋಡಿದರು. “ಮುಳ್ಳೇ ಇಲ್ಲ ಮರಾಯ್ರೆ!”

ಅಸಲಿ ಡಬ್ಬಿ ಬಸವನಗುಡಿಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಭದ್ರವಾಗಿತ್ತು.

ನನ್ನ ಹಳೇ ದಪ್ಪ ಫ್ಲೈಗಳಿಗೆ ಮನೆಯಲ್ಲಿ ಈಗ ಒಳ್ಳೆಯ ನೆಲೆ ಸಿಕ್ಕಿದೆ. ದಸರಾ ಗೊಂಬೆ ಕೂರಿಸಿದಾಗ ಮತ್ಸ್ಯಾವತಾರದ ಸುತ್ತ ಪರಿವಾರ ದೇವತೆಗಳಾಗಿ ನಿಲ್ಲುತ್ತವೆ. ಗೆಜ್ಜೆಯದು ಬೆಕ್ಕು ಬಂದರೆ ಗೊತ್ತಾಗಲಿ ಎಂದು ಹಾಲಿನ ಪಾತ್ರೆಯ ಮುಚ್ಚಳಕ್ಕೆ. ನಾನು ಮಾತ್ರ ಗಂಗೊಳ್ಳಿಯಿಂದ ಬೇರೆಯೇ ಮನುಷ್ಯನಾಗಿ ಬಂದಿದ್ದೇನೆ. ಈಗ ಕೂದಲು ತೆಗೆದುಕೊಂಡು ಅರ್ಧ ತೆಗೆದಿಡುತ್ತೇನೆ, ಅದರಲ್ಲಿ ಮತ್ತರ್ಧ, ಮನಸ್ಸು ತಡೆಯದೆ ಮತ್ತೂ ಅರ್ಧ. ಮಿಂಚಿನಲ್ಲಿಯೂ ಹಾಗೆಯೇ. ಇಂಥ ಸಂಯಮದಿಂದ ಕಟ್ಟಿದ ಒಂದು ಫ್ಲೈಯ ಫೋಟೋ ತೆಗೆದು ಮೊನ್ನೆ ಹೆಮ್ಮೆಯಿಂದ ಪೆನ್ಸಿಲ್ವೇನಿಯಾಕ್ಕೆ ಕಳಿಸಿದೆ. ಷಡ್ಡಕರ ಉತ್ತರ ತಕ್ಷಣವೇ ಬಂತು: “ಭಾವ, ಕಣ್ಣು ಬಹಳ ಚೆನ್ನಾಗಿ ಕೂತಿದೆ. ಇನ್ನು ಕಟ್ಟೋದಕ್ಕೆ ಶುರು ಮಾಡಿ.”